ಬುಕನನ್–ಹ್ಯಾಮಿಲ್ಟನ್ ನಾಮವಿಚಾರ

ಶಾಸನಗಳನ್ನು ಓದುವವರಿಗೆ ಲಿಪಿಯ ತೊಡಕಿಗಿಂತ ಹೆಸರಿನ ತೊಡಕು ದೊಡ್ಡದು. ಲಿಪಿಯನ್ನು ಅಭ್ಯಾಸಬಲದಿಂದ ಬಿಡಿಸಬಹುದು. ಬಿಡಿಸಿದ ಹೆಸರು ಯಾರದೆಂದು ನಿರ್ಣಯಿಸುವುದಕ್ಕೆ ಅಭ್ಯಾಸವೊಂದೇ ಸಾಲದು. ನೆಲಮಂಗಲ ತಾಲ್ಲೂಕಿನ ಮಣ್ಣೆಯು ಎಂಟನೆಯ ಶತಮಾನದಲ್ಲಿ ಮಾನ್ಯಪುರವೆಂಬ ಹೆಸರಿನಿಂದ ಗಂಗರಾಜನಾದ ಶ್ರೀಪುರುಷನ ನೆಲೆವೀಡಾಗಿದ್ದಿತೆಂಬುದು ವಾಚಕರಿಗೆ ವಿದಿತವೇ ಇದೆ. ಈ ಅರಸನನ್ನು ಕೆಲವು ಶಾಸನಗಳು ಶ್ರೀಪುರುಷನೆಂದು ಕರೆದರೆ ಮತ್ತೆ ಕೆಲವು ಮುತ್ತರಸನೆಂದು ಕರೆಯುತ್ತವೆ. ಎರಡು ಹೆಸರುಗಳನ್ನು ಕಂಡು ಇಬ್ಬರು ಅರಸರನ್ನು ಕಲ್ಪಿಸಿದರೆ ವಂಶಾವಳಿಯಲ್ಲಿ ಇಲ್ಲದ ಒಂದು ತಲೆಮಾರು ಹುಟ್ಟುತ್ತದೆ. ಇದಕ್ಕೆ ವಿಪರೀತವಾಗಿ, ಕೊಂಗುಣಿವರ್ಮ ಎಂಬುದು ಆ ವಂಶದ ಮೂಲಪುರುಷನ ಹೆಸರಾಗಿದ್ದು, ಅನಂತರದ ಅರಸರು ಅದನ್ನು ಬಿರುದಾಗಿ ಧರಿಸುತ್ತ ಬಂದರು. ಪೆರ್ಮಾನಡಿ ಎಂಬ ಮಾತು ಈಚಿನ ಗಂಗರಲ್ಲಿ ಹಲವರಿಗೆ ಸಲ್ಲುತ್ತದೆ. ಇಲ್ಲಿ ಒಂದು ಹೆಸರನ್ನು ಕಂಡು ಒಬ್ಬನೇ ಅರಸನೆಂದು ತಿಳಿದರೆ ಒಬ್ಬನ ದಾನವು ಮತ್ತೊಬ್ಬನ ಪುಣ್ಯಕ್ಕೆ ಜಮೆಯಾಗುತ್ತದೆ.

ಈ ಎರಡು ಬಗೆಯ ತೊಡಕುಗಳನ್ನು ನಮ್ಮ ಕೋಶಕಾರರು ಬಲು ಹಿಂದೆಯೇ ಬೇರ್ಪಡಿಸಿಟ್ಟಿದ್ದಾರೆ. ಅಮರಸಿಂಹನು ತನ್ನ ಕೋಶದ ಬಹುಭಾಗವನ್ನು ಒಂದೇ ವಸ್ತುವಿಗೆ ಸಲ್ಲುವ ಹಲವು ಮಾತುಗಳಿಗೆ, ಅಂದರೆ ಪರ್ಯಾಯಗಳಿಗೆ ಮೀಸಲಿಟ್ಟು, ಒಂದೇ ಮಾತು ಹಲವು ವಸ್ತುಗಳಿಗೆ ಸಲ್ಲುವುದನ್ನು ನಾನಾರ್ಥವರ್ಗವೆಂದು ಪ್ರತ್ಯೇಕವಾಗಿ ಹೇಳಿದನು. ಪರ್ಯಾಯವನ್ನು ಅರಿಯದವನು ಒಬ್ಬನನ್ನು ಇಬ್ಬರನ್ನಾಗಿ ಮಾಡುತ್ತಾನೆ. ನಾನಾರ್ಥವನ್ನು ಅರಿಯದವನು ಇಬ್ಬರನ್ನು ಒಬ್ಬನನ್ನಾಗಿ ಮಾಡುತ್ತಾನೆ. ಈ ದೋಷಗಳು ಈಗ ಶಾಸನಗಳಲ್ಲಿ ಮಾತ್ರವೇ ಅಲ್ಲದೆ, ಪ್ರಾಣಿಪಕ್ಷಿಗಳನ್ನೂ ಗಿಡಮರಗಳನ್ನೂ ಕಂಡವರ ಹೆಸರುಗಳನ್ನು ಸಂಗ್ರಹಿಸುವ ಗಣಕಭಂಡಾರಗಳಲ್ಲಿಯೂ ತಲೆದೋರಿವೆ. ಅವುಗಳ ಪರಿಹಾರಕ್ಕೆ ಶಾಸನಶೋಧಕರ ವಿಧಾನವೇ ತಕ್ಕುದೆಂಬುದನ್ನು ದೊಡ್ಡಬಳ್ಳಾಪುರವನ್ನು ಹಾದುಹೋದ ಒಬ್ಬ ಪ್ರವಾಸಿಯ ದೃಷ್ಟಾಂತದಿಂದ ತೋರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಆ ಭಂಡಾರಗಳ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಕೆರೆಯ ದಡದಲ್ಲಿ ಒಬ್ಬರು ಒಂದು ಹಕ್ಕಿಯನ್ನು ಕಂಡು ಬರೆದುಕೊಂಡರೆ, ಅಥವಾ ಬೆಟ್ಟದಲ್ಲಿ ಒಂದು ಗಿಡವನ್ನು ಕಿತ್ತು ಒಣಗಿಸಿ ಹಾಳೆಗೆ ಅಂಟಿಸಿದರೆ, ಆ ದಾಖಲೆಗೆ ನಾಲ್ಕು ಅಂಗಗಳಿರುತ್ತವೆ: ಯಾವ ಜೀವಿ, ಯಾವ ಸ್ಥಳ, ಯಾವ ದಿನ, ಕಂಡವರು ಯಾರು. ೨೦೦೧ರಲ್ಲಿ ಸ್ಥಾಪಿತವಾದ, ಜಿ.ಬಿ.ಐ.ಎಫ್. ಎಂಬ ಅಕ್ಷರಗಳಿಂದ ಪ್ರಸಿದ್ಧವಾದ ಅಂತರರಾಷ್ಟ್ರೀಯ ಸಂಸ್ಥೆಯು ಇಂತಹ ದಾಖಲೆಗಳನ್ನು ನಾನಾ ದೇಶಗಳಿಂದ ಒಂದೆಡೆ ಕೂಡಿಸುತ್ತಿದೆ. ವಸ್ತುಸಂಗ್ರಹಾಲಯಗಳ ಹಳೆಯ ಚೀಟಿಗಳೂ, ಇಂದು ಬೆಳಗ್ಗೆ ಒಬ್ಬ ವಿದ್ಯಾರ್ಥಿಯು ಕಂಡು ಬರೆದ ಹಕ್ಕಿಯ ಹೆಸರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂಡುತ್ತವೆ. ಮೊದಲ ಮೂರು ಅಂಗಗಳ ವಿಷಯದಲ್ಲಿ ಜಾಗರೂಕತೆಯು ಬಹಳ ಕಾಲದಿಂದ ಇದೆ. ನಾಲ್ಕನೆಯದಾದ ಕಂಡವರ ಹೆಸರನ್ನು ಮಾತ್ರ ಚೀಟಿಯಲ್ಲಿದ್ದ ಹಾಗೆಯೇ ನಕಲು ಮಾಡುವುದು ವಾಡಿಕೆಯಾಯಿತು. ಗಣಕಯಂತ್ರವು ಅಕ್ಷರಗಳನ್ನು ಅರಿಯುವುದೇ ಹೊರತು ಮನುಷ್ಯನನ್ನು ಅರಿಯದು. ಒಂದು ಚುಕ್ಕೆ ಹೆಚ್ಚಾದರೆ ಅದಕ್ಕೆ ಬೇರೊಬ್ಬ ಮನುಷ್ಯನಾಗುತ್ತಾನೆ.

ಈಗ ದೃಷ್ಟಾಂತಕ್ಕೆ ಬರೋಣ. ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ಮೇಲೆ, ಮೈಸೂರು ಸೀಮೆಯ ಕೃಷಿ, ವ್ಯಾಪಾರ, ಜನಜೀವನ, ಸಸ್ಯಸಂಪತ್ತು ಇವುಗಳನ್ನು ಕಂಡು ವರದಿ ಮಾಡುವುದಕ್ಕಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಕಂಪೆನಿಯ ಸರ್ಕಾರದ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕನನ್ನನನ್ನು ನೇಮಿಸಿದನು. ಈತನು ಸ್ಕಾಟ್ಲೆಂಡಿನವನು, ೧೭೬೨ರಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತು, ೧೭೯೪ರಲ್ಲಿ ಕಂಪೆನಿಯ ಬಂಗಾಳದ ಸೇವೆಗೆ ಸೇರಿದ್ದನು. ೧೮೦೦ನೆಯ ಏಪ್ರಿಲ್ ೨೩ರ ಸಂಜೆ ಮದರಾಸನ್ನು ಬಿಟ್ಟು ಬೆಂಗಳೂರನ್ನೂ ಶ್ರೀರಂಗಪಟ್ಟಣವನ್ನೂ ನೋಡಿ, ಮರಳಿ ಬೆಂಗಳೂರಿಗೆ ಬಂದು, ಅಲ್ಲಿಂದ ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಮಾರ್ಗವಾಗಿ ದೊಡ್ಡಬಳ್ಳಾಪುರವನ್ನು ಸೇರಿದನು. ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಗ್ರಂಥದ ಐದನೆಯ ಅಧ್ಯಾಯವು ಬೆಂಗಳೂರಿನಿಂದ ದೊಡ್ಡಬಳ್ಳಾಪುರದವರೆಗಿನ ಪ್ರಯಾಣವನ್ನೂ, ಆರನೆಯದು ದೊಡ್ಡಬಳ್ಳಾಪುರದಿಂದ ಸಿರಾದವರೆಗಿನ ಪ್ರಯಾಣವನ್ನೂ ಹೇಳುತ್ತವೆ. ನಮ್ಮ ಪ್ರಾಂತದ ಬೆಳೆ, ಕೆರೆ, ಕಾಡುಮರಗಳ ಸ್ಥಿತಿಯನ್ನು ಎರಡು ಶತಮಾನಗಳ ಹಿಂದಕ್ಕೆ ಹೋಲಿಸಿ ನೋಡಬೇಕೆನ್ನುವವರಿಗೆ ಇದಕ್ಕೆ ಸಮನಾದ ಆಧಾರಗಳು ಅಪರೂಪ.

ಈ ಬುಕನನ್ನನು ಅನಂತರ ೧೮೦೨ರಲ್ಲಿ ನೇಪಾಳಕ್ಕೆ ಹೋದನು; ೧೮೦೭ರಿಂದ ೧೮೧೪ರವರೆಗೆ ಬಂಗಾಳ ಬಿಹಾರಗಳ ಜಿಲ್ಲೆಗಳನ್ನು ಪರಿಶೀಲಿಸಿದನು; ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಸ್ವಲ್ಪಕಾಲ ಅಧಿಕಾರಿಯಾಗಿದ್ದು ೧೮೧೫ರಲ್ಲಿ ಸ್ವದೇಶಕ್ಕೆ ಮರಳಿದನು. ೧೮೧೮ರಲ್ಲಿ ತಾಯಿಯ ಕಡೆಯ ಆಸ್ತಿಗೆ ಹಕ್ಕುದಾರನಾಗಿ, ಆ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದನು. ನಮ್ಮಲ್ಲಿ ದತ್ತುಹೋದವನಿಗೆ ಗೋತ್ರವು ಬದಲಾಗುವಂತೆ ಇದೂ ಒಂದು ರೂಢಿ. ಇಲ್ಲಿಂದ ಮುಂದೆ ೧೮೨೯ರಲ್ಲಿ ತೀರಿಕೊಳ್ಳುವವರೆಗೆ ಅವನು ಹ್ಯಾಮಿಲ್ಟನ್ನನೇ. ೧೮೨೨ರಲ್ಲಿ ಪ್ರಕಟವಾದ ಗಂಗಾನದಿಯ ಮೀನುಗಳ ಗ್ರಂಥಕ್ಕೆ ಕರ್ತನೆಂದು ಈ ಹೆಸರೇ ಇದೆ. ಹೀಗೆ ಮೈಸೂರಿನ ಪ್ರವಾಸಿಯು ಬುಕನನ್. ಮೀನುಗಳ ಗ್ರಂಥಕರ್ತನು ಹ್ಯಾಮಿಲ್ಟನ್. ಸಸ್ಯಶಾಸ್ತ್ರಜ್ಞರು ಇವನನ್ನು ಎರಡು ಹೆಸರುಗಳನ್ನೂ ಸೇರಿಸಿ ಬುಕನನ್-ಹ್ಯಾಮಿಲ್ಟನ್ ಎಂದು ಕುಗ್ಗಿಸಿ ಬರೆಯುತ್ತಾರೆ. ಹಿಂದಣ ಮತ್ಸ್ಯಶಾಸ್ತ್ರಜ್ಞರಲ್ಲಿ ಕೆಲವರು ಅದನ್ನೇ ತಿರುಗಿಸಿ ಹ್ಯಾಮಿಲ್ಟನ್-ಬುಕನನ್ ಎಂದು ಬರೆದರು. ವೈದ್ಯರ ತಮಾಲಪತ್ರಕ್ಕೆ ಇರುವ ಶಾಸ್ತ್ರೀಯ ನಾಮದ ಬೆನ್ನಿಗೆ ಒಂದು ರೂಪ. ಹೊಸಕೋಟೆ ದೇವನಹಳ್ಳಿಗಳ ಕಡೆಯ ಮೀನುಮಾರುವವರಿಗೂ ಪರಿಚಿತವಾದ ಕಾಟ್ಲಾ, ರೋಹುಗಳ ನಾಮದ ಬೆನ್ನಿಗೆ ಮತ್ತೊಂದು ರೂಪ. ಮನುಷ್ಯನು ಒಬ್ಬನೇ.

ಇದು ಪರ್ಯಾಯದ ತೊಡಕು. ಇದರಿಂದಾಗುವ ಹಾನಿಯು ಕೇವಲ ಹೆಸರಿನದೆಂದು ಭಾವಿಸಬಾರದು. ಹ್ಯಾಮಿಲ್ಟನ್ ಎಂಬ ಬೇರೊಬ್ಬನಿದ್ದನೆಂದು ತಿಳಿದವನು ೧೮೨೨ ಎಂಬ ವರ್ಷವನ್ನು ನೋಡಿ, ಆ ವರ್ಷದಲ್ಲಿ ಅವನು ಗಂಗಾತೀರದಲ್ಲಿ ಮೀನು ಹಿಡಿಸುತ್ತಿದ್ದನೆಂದು ಊಹಿಸಿಯಾನು. ವಾಸ್ತವವಾಗಿ ಆಗ ಅವನು ಭರತಖಂಡವನ್ನು ಬಿಟ್ಟು ಏಳು ವರ್ಷಗಳಾಗಿದ್ದುವು. ಗ್ರಂಥದ ಕಾಲವೇ ಬೇರೆ, ದರ್ಶನದ ಕಾಲವೇ ಬೇರೆ. ಒಂದು ಜೀವಿಯು ಒಂದು ಸ್ಥಳದಲ್ಲಿ ಯಾವಾಗ ಇದ್ದಿತೆಂಬುದೇ ದಾಖಲೆಯ ಪ್ರಯೋಜನವಾಗಿರುವಲ್ಲಿ, ಕಂಡವನ ಚರಿತ್ರೆಯು ತಪ್ಪಿದರೆ ಜೀವಿಯ ಚರಿತ್ರೆಯೂ ತಪ್ಪುತ್ತದೆ.

ಇನ್ನು ನಾನಾರ್ಥದ ತೊಡಕನ್ನು ನೋಡೋಣ. ಬುಕನನ್ ಎಂಬ ಹೆಸರಿನವರು ಹಲವರು. ಅದೇ ಕಾಲದಲ್ಲಿ ಕಂಪೆನಿಯ ಆಶ್ರಯದಲ್ಲಿ ಪಾದ್ರಿಯಾಗಿದ್ದ ಕ್ಲಾಡಿಯಸ್ ಬುಕನನ್ನನು ೧೮೦೬ರಲ್ಲಿ ಮಲೆಯಾಳ ಸೀಮೆಯಲ್ಲಿ ಸಂಚರಿಸಿದನು. ಫ್ರಾನ್ಸಿಸ್ ಬುಕನನ್ನನೂ ಅದಕ್ಕೆ ಐದಾರು ವರ್ಷ ಮೊದಲು ಅದೇ ಸೀಮೆಯಲ್ಲಿ ಸಂಚರಿಸಿದ್ದನು. ೧೮೧೯ರಲ್ಲಿ ಹುಟ್ಟಿದ ಜಾನ್ ಬುಕನನ್ ಎಂಬಾತನು ನ್ಯೂಜಿಲೆಂಡಿನ ಸಸ್ಯಗಳನ್ನು ಕುರಿತು ಬರೆದನು. ಅದೇ ಹೆಸರಿನ ಇನ್ನೊಬ್ಬನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಫ್ರಿಕಾದ ನ್ಯಾಸಾ ಸೀಮೆಯಲ್ಲಿ ಗಿಡಗಳನ್ನು ಸಂಗ್ರಹಿಸಿದನು. ಹ್ಯಾಮಿಲ್ಟನ್ನರೂ ಹೀಗೆಯೇ. ವಿಲಿಯಂ ಹ್ಯಾಮಿಲ್ಟನ್ ಎಂಬಾತನು ೧೮೨೫ರಲ್ಲಿ ವೆಸ್ಟ್ ಇಂಡೀಸಿನ ಸಸ್ಯಗಳನ್ನು ಕುರಿತು ಗ್ರಂಥವನ್ನು ಬರೆದನು. ಅದರ ಲ್ಯಾಟಿನ್ ಶೀರ್ಷಿಕೆಯಲ್ಲಿಯೂ ಇಂಡಿಯಾ ಎಂಬ ಮಾತು ಬರುವುದರಿಂದ ಭ್ರಾಂತಿಗೆ ಇನ್ನಷ್ಟು ಅವಕಾಶವಾಯಿತು. ವಾಲ್ಟರ್ ಹ್ಯಾಮಿಲ್ಟನ್ ಎಂಬಾತನು ೧೮೧೫ರಲ್ಲಿ ಈಸ್ಟ್ ಇಂಡಿಯಾ ಗೆಜೆಟಿಯರನ್ನು ಪ್ರಕಟಿಸಿ, ಅದರಲ್ಲಿ ಬುಕನನ್ನನ ಪ್ರವಾಸಗ್ರಂಥವನ್ನು ಆಧಾರವಾಗಿ ಹೆಸರಿಸಿದನು. ಹ್ಯಾಮಿಲ್ಟನ್ನನು ಬುಕನನ್ನನನ್ನು ಉದಾಹರಿಸಿದ ಮೂರು ವರ್ಷಗಳಿಗೆ ಬುಕನನ್ನನೇ ಹ್ಯಾಮಿಲ್ಟನ್ನನಾದನೆಂದರೆ, ಮುಂದಿನವರು ಗೊಂದಲಕ್ಕೆ ಬೀಳುವುದರಲ್ಲಿ ಆಶ್ಚರ್ಯವೇನಿದೆ?

ಮೂರನೆಯದೊಂದು ದೋಷವುಂಟು. ಮೊದಲ ಎರಡು ಅಜ್ಞಾನದಿಂದ ಬರುವವು; ಇದು ಉಪೇಕ್ಷೆಯಿಂದಲೋ ಅಪಹಾರದಿಂದಲೋ ಬರುವುದು. ಶಾಸನಲೋಕದಲ್ಲಿ ಕೂಟಶಾಸನಗಳ ವಿಷಯವಾಗಿ ಫ್ಲೀಟ್ ಮತ್ತು ರೈಸ್ ಮಹಾಶಯರಲ್ಲಿ ಗಂಗರ ತಾಮ್ರಪಟಗಳನ್ನು ಕುರಿತು ದೀರ್ಘವಾದ ವಾದವು ನಡೆದುದನ್ನು ಬಲ್ಲೆವು. ಬುಕನನ್ನನ ಬಂಗಾಳ ಬಿಹಾರಗಳ ವರದಿಗಳು ಅವನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ೧೮೩೮ರಲ್ಲಿ ಮಾಂಟ್‌ಗೊಮರಿ ಮಾರ್ಟಿನ್ ಎಂಬಾತನು ಅವುಗಳನ್ನು ಸಂಗ್ರಹಿಸಿ ಮೂರು ಸಂಪುಟಗಳಾಗಿ ತನ್ನ ಹೆಸರಿನಲ್ಲಿ ಪ್ರಕಟಿಸಿದನು. ಮುಖಪುಟದಲ್ಲಿ ಬುಕನನ್ನನ ಹೆಸರಿಲ್ಲ. ಸುಮಾರು ಒಂದು ಶತಮಾನದ ಅನಂತರ ಬಿಹಾರ-ಒರಿಸ್ಸಾ ಸಂಶೋಧನ ಸಂಘದವರು ಮೂಲದ ಹಸ್ತಪ್ರತಿಗಳಿಂದ ವರದಿಗಳನ್ನು ಅಚ್ಚುಹಾಕಿಸಿ ಕರ್ತನಿಗೆ ಅವನ ಕೃತಿಯನ್ನು ಹಿಂದಿರುಗಿಸಿದರು. ವಿದ್ವತ್ಸಂಘಗಳು ಮಾಡತಕ್ಕ ಕೆಲಸಕ್ಕೆ ಇದೊಂದು ಉತ್ತಮವಾದ ಮೇಲ್ಪಂಕ್ತಿ.

ಈ ದೋಷವು ಜೀವಿಗಳಿಗೇ ಹೇಗೆ ತಟ್ಟುತ್ತದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಉತ್ತರ ಕನ್ನಡದ ಹಕ್ಕಿಗಳನ್ನು ಕುರಿತು ಬರೆದ ಜೇಮ್ಸ್ ಡೇವಿಡ್‌ಸನ್ ಎಂಬ ಅಧಿಕಾರಿಯು, ಅದಕ್ಕೆ ಮುಂಚೆ ೧೮೮೦ರ ದಶಕದಲ್ಲಿ ಖಾನದೇಶದಲ್ಲಿದ್ದಾಗ ಒಂದು ಅಪರೂಪದ ಕಿರುಗೂಬೆಯನ್ನು ಸಂಗ್ರಹಿಸಿದ್ದನು. ರಿಚರ್ಡ್ ಮೈನರ್ಟ್ಸ್‌ಹಾಗೆನ್ ಎಂಬ ಸೇನಾಧಿಕಾರಿಯು ಆ ಸಂಗ್ರಹದ ಒಂದು ಗೂಬೆಯನ್ನು ಅಪಹರಿಸಿ, ಅದನ್ನು ೧೯೧೪ರಲ್ಲಿ ಗುಜರಾತಿನ ಮಾಂಡವಿಯಲ್ಲಿ ತಾನೇ ಸಂಪಾದಿಸಿದುದಾಗಿ ಹೊಸ ಚೀಟಿಯನ್ನು ಕಟ್ಟಿದನು. ಆ ಚೀಟಿಯನ್ನು ನಂಬಿದವರಿಗೆ ಹಕ್ಕಿಯ ಕಾಲವೂ ಸ್ಥಳವೂ ತಪ್ಪಿದುವು. ಆ ಚೀಟಿಯು ಸುಳ್ಳೆಂದರಿತು, ನಿಜವಾದ ಸಂಗ್ರಾಹಕರ ಸ್ಥಳಗಳನ್ನು ಹಿಡಿದು ಹುಡುಕಿದ ಪಮೇಲಾ ರಾಸ್‌ಮುಸ್ಸೆನ್ ಮತ್ತು ಅವರ ಜತೆಗಾರರಿಗೆ ೧೯೯೭ರಲ್ಲಿ ಮಹಾರಾಷ್ಟ್ರದ ಶಹಾದಾ ಸಮೀಪದಲ್ಲಿ ಆ ಗೂಬೆಯು ಕಾಣಿಸಿತು. ಅಳಿದುಹೋಯಿತೆಂದು ಹಲವರು ಕೈಬಿಟ್ಟಿದ್ದ ಜೀವಿಯು, ಒಂದು ಹೆಸರನ್ನು ತಿದ್ದಿದುದರಿಂದ ದೊರೆಯಿತೆಂದರೆ ಅತಿಶಯೋಕ್ತಿಯಾಗದು.

ನಮ್ಮ ದೇಶದ ಹೆಸರುಗಳ ವಿಷಯದಲ್ಲಿ ಬೇರೊಂದು ತೊಡಕಿದೆ. ಪಾಶ್ಚಾತ್ಯರ ಪಟ್ಟಿಗಳಲ್ಲಿ ಹೆಸರಿನ ಕೊನೆಯ ಮಾತು ಮನೆತನದ್ದೆಂದು ಭಾವಿಸಿ ಅದನ್ನು ಮುಂದಕ್ಕೆ ತಂದು ಬರೆಯುವರು. ನಮ್ಮಲ್ಲಿಯಾದರೋ ಊರು, ತಂದೆ, ತಾನು ಎಂಬುದು ರೂಢಿಯ ಕ್ರಮ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರ ಮಕ್ಕಳು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರು. ತಂದೆಯವರ ಹೆಸರಿನ ಮೊದಲಲ್ಲಿ ದೇವನಹಳ್ಳಿ, ಮಗನ ಹೆಸರಿನ ಮೊದಲಲ್ಲಿ ಬೆಂಗಳೂರು. ಪಾಶ್ಚಾತ್ಯ ಪಟ್ಟಿಯಲ್ಲಿ ಒಬ್ಬರು ಗುಂಡಪ್ಪ, ಇನ್ನೊಬ್ಬರು ಸ್ವಾಮಿ. ಪ್ರಸಿದ್ಧ ಸಸ್ಯಶಾಸ್ತ್ರಜ್ಞರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ನಾಮಕರಣ ಮಾಡಿದ ಸಸ್ಯಗಳ ಬೆನ್ನಿಗೆ ಬರಿಯ ಸ್ವಾಮಿ ಎಂದು ಬರೆದರೆ, ದಕ್ಷಿಣದೇಶದಲ್ಲಿ ಆ ಮಾತಿನಿಂದ ಮುಗಿಯುವ ಹೆಸರಿನವರು ಎಷ್ಟು ಮಂದಿಯೋ! ೧೯೩೯-೪೦ರಲ್ಲಿ ಮೈಸೂರು ಸೀಮೆಯ ಹಕ್ಕಿಗಳನ್ನು ಪರಿಶೀಲಿಸಿದ ಸಾಲಿಂ ಅಲಿಯವರೂ, ಮುಂಬಯಿಯ ಸಂಗ್ರಹದ ಪಕ್ಷಿಗಳ ಪಟ್ಟಿಯನ್ನು ಸಿದ್ಧಪಡಿಸಿದ ಹುಮಾಯೂನ್ ಅಬ್ದುಲಾಲಿಯವರೂ ಒಂದೇ ಮನೆತನದವರು. ಒಬ್ಬರು ಆ ಹೆಸರಿನ ಒಂದು ಭಾಗವನ್ನೂ ಇನ್ನೊಬ್ಬರು ಪೂರ್ಣರೂಪವನ್ನೂ ಬಳಸಿದರು. ಇಂದಿನ ಯುವಕರು ಒಂದು ಕಡೆ ಊರಿನ ಅಕ್ಷರದೊಡನೆ, ಮತ್ತೊಂದು ಕಡೆ ಅದಿಲ್ಲದೆ, ಮಗದೊಂದು ಕಡೆ ಕನ್ನಡ ಲಿಪಿಯಲ್ಲಿ ತಮ್ಮ ಹೆಸರನ್ನು ಬರೆಯುತ್ತಾರೆ. ಒಬ್ಬನಿಗೇ ಮೂರು ಖಾತೆಗಳಾದುವೆಂದರೆ ಮೂವರು ಒಂದೇ ಹಕ್ಕಿಯನ್ನು ಕಂಡಂತೆ ಲೆಕ್ಕವು ಹೊರಟೀತು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು: ಹಕ್ಕಿಯೂ ಗಿಡವೂ ಮುಖ್ಯವಲ್ಲವೆ, ಕಂಡವನ ಹೆಸರಿನಿಂದೇನು? ಇದಕ್ಕೆ ಉತ್ತರವಿದು. ಕಣ್ಣಾರೆ ಕಂಡುದನ್ನು ಹೇಳುವ ದಾಖಲೆಯು ಆಪ್ತವಾಕ್ಯ. ಆಪ್ತನಾರೆಂಬುದು ತಿಳಿಯದಿದ್ದರೆ ಆ ವಾಕ್ಯಕ್ಕೆ ಪ್ರಾಮಾಣ್ಯವು ಎಲ್ಲಿಂದ ಬರಬೇಕು? ಅವನು ಯಾವ ಶಾಸ್ತ್ರದಲ್ಲಿ ಪರಿಣತನು, ಆ ದಿನ ಆ ಸ್ಥಳದಲ್ಲಿ ಇದ್ದುದುಂಟೆ, ಹೋಲುವ ಎರಡು ಜೀವಿಗಳನ್ನು ಬೇರ್ಪಡಿಸಬಲ್ಲವನೆ ಎಂಬುದನ್ನೆಲ್ಲ ವಿಚಾರಿಸಿದ ಮೇಲಲ್ಲದೆ ದಾಖಲೆಯನ್ನು ಅಂಗೀಕರಿಸಲಾಗದು. ಸಂಶಯವುಳ್ಳ ಒಂದು ದಾಖಲೆಯನ್ನು ಪರೀಕ್ಷಿಸುವವನು ಅದೇ ಮನುಷ್ಯನ ಉಳಿದ ದಾಖಲೆಗಳನ್ನು ನೋಡಲೇಬೇಕು. ಅವು ಮೂರು ಹೆಸರುಗಳಲ್ಲಿ ಚೆದುರಿದ್ದರೆ ಪರೀಕ್ಷೆಯೇ ನಡೆಯದು.

ಹಾಗಾದರೆ ಇಬ್ಬರನ್ನು ಒಬ್ಬನೆಂದು ಹೇಳುವುದಕ್ಕೆ ಪ್ರಮಾಣವಾವುದು? ಹಿಂದೆ ಕಂಡ ದೇವದತ್ತನೇ ಈತನೆಂಬ ಜ್ಞಾನವನ್ನು ನಮ್ಮ ಶಾಸ್ತ್ರಕಾರರು ಪ್ರತ್ಯಭಿಜ್ಞೆಯೆಂದು ಕರೆದರು. ಅದಕ್ಕೆ ಹೆಸರಿನ ಸಾಮ್ಯವು ಸಾಧಕವಲ್ಲ, ಹೆಸರಿನ ಭೇದವು ಬಾಧಕವಲ್ಲ. ಬುಕನನ್ನನ ವಿಷಯದಲ್ಲಿ ನಮಗೆ ಅದೃಷ್ಟವಶಾತ್ ಅವನ ಮಾತೇ ದೊರೆಯುತ್ತದೆ. ೧೮೧೯ರಲ್ಲಿ ಪ್ರಕಟವಾದ ನೇಪಾಳದ ಗ್ರಂಥದ ಮುಖಪುಟದಲ್ಲಿ ತಾನು ಹ್ಯಾಮಿಲ್ಟನ್, ಹಿಂದೆ ಬುಕನನ್ ಎಂದು ಅವನೇ ಅಚ್ಚುಹಾಕಿಸಿದ್ದಾನೆ. ಶಾಸನಗಳಲ್ಲಿ ಅಪರನಾಮಧೇಯನೆಂದು ಬರುವಂತೆ ಇದು ನಿಸ್ಸಂದೇಹವಾದ ಪ್ರಮಾಣ. ಇಂತಹ ವಾಕ್ಯವು ದೊರೆಯದ ಕಡೆ ಕಾಲ, ದೇಶ, ಹಸ್ತಾಕ್ಷರ, ಸಹಚರರು, ಶಾಸ್ತ್ರವಿಷಯ ಇವುಗಳನ್ನು ಒಂದೊಂದಾಗಿ ಹೊಂದಿಸಿ ನೋಡಬೇಕು. ಮೈಸೂರು, ೧೮೦೦ ಎಂಬ ಚೀಟಿಯ ಬುಕನನ್ನನು ೧೮೧೯ರಲ್ಲಿ ಹುಟ್ಟಿದ ಜಾನ್ ಬುಕನನ್ನನಾಗಲಾರನು. ಇಲ್ಲಿ ಕಾಲವೊಂದೇ ಬಾಧಕವಾಗಿ ಸಾಕು. ೧೮೦೬ರ ಮಲೆಯಾಳದ ಬುಕನನ್ನನು ಯಾರೆಂಬುದಕ್ಕೆ ಕಾಲದೊಡನೆ ವಿಷಯವನ್ನೂ ನೋಡಬೇಕು.

ಎರಡು ದೋಷಗಳೂ ಸಮಾನವಲ್ಲವೆಂಬುದು ನಮ್ಮ ಮುಖ್ಯವಾದ ಅಭಿಪ್ರಾಯ. ಒಬ್ಬನನ್ನು ಇಬ್ಬರನ್ನಾಗಿ ಬಿಟ್ಟಿದ್ದರೆ ಇಂದಲ್ಲ ನಾಳೆ ಬಲ್ಲವರೊಬ್ಬರು ಬಂದು ಕೂಡಿಸಿಯಾರು. ಎರಡು ರಾಶಿಗಳೂ ಹಾಗೆಯೇ ಇರುತ್ತವೆ. ಇಬ್ಬರನ್ನು ಒಬ್ಬನನ್ನಾಗಿ ಕೂಡಿಸಿದರೋ, ಎರಡು ಹೊಲಗಳ ರಾಗಿಯನ್ನು ಒಂದೇ ಕಣಜಕ್ಕೆ ಸುರಿದಂತಾಯಿತು. ಯಾವ ಕಾಳು ಯಾವ ಹೊಲದ್ದೆಂದು ಮತ್ತೆ ಆರಿಸುವವರಾರು? ಆದುದರಿಂದ ಸಂಶಯವಿದ್ದಲ್ಲಿ ಬೇರೆಯಾಗಿಯೇ ಇಡತಕ್ಕದ್ದು. ನಿಶ್ಚಯವಾಗಿ ಕೂಡಿಸುವಲ್ಲಿಯೂ ಚೀಟಿಯ ಮೂಲಾಕ್ಷರಗಳನ್ನು ಅಳಿಸಕೂಡದು. ಶಾಸನಪಾಠವನ್ನು ಅಚ್ಚುಹಾಕುವವನು ಕಲ್ಲಿನಲ್ಲಿದ್ದುದನ್ನು ಇದ್ದಂತೆ ಕೊಟ್ಟು, ತನ್ನ ತಿದ್ದುಪಾಟನ್ನು ಬೇರೆಯಾಗಿ ತೋರಿಸುವ ಮರ್ಯಾದೆಯು ಇಲ್ಲಿಯೂ ಸಲ್ಲುತ್ತದೆ. ಕೂಡಿಸಿದವರಾರು, ಎಂದು, ಯಾವ ಆಧಾರದಿಂದ ಎಂಬುದನ್ನೂ ಬರೆದಿಡಬೇಕು.

ಈಚೆಗೆ ಇದಕ್ಕೆ ಅನುಕೂಲವಾದ ಸಾಧನಗಳೂ ಒದಗಿವೆ. ಜೀವಂತರಾದ ಸಂಶೋಧಕರಿಗೆ ಒಂದೊಂದು ಸಂಖ್ಯೆಯನ್ನು ಕೊಡುವ ಆರ್ಕಿಡ್ ಎಂಬ ಏರ್ಪಾಟೂ, ಗತಿಸಿದವರಿಗೂ ಸಂಖ್ಯೆಯು ದೊರೆಯುವ ವಿಕಿಡೇಟಾ ಎಂಬ ಕೋಶವೂ ೨೦೧೨ರಲ್ಲಿ ಹುಟ್ಟಿದುವು. ಬಯೋನೋಮಿಯಾ ಎಂಬ ವ್ಯವಸ್ಥೆಯು ಈ ಸಂಖ್ಯೆಗಳ ಮೂಲಕ ವಸ್ತುಸಂಗ್ರಹಾಲಯಗಳ ಮಾದರಿಗಳನ್ನು ಅವುಗಳ ಸಂಗ್ರಾಹಕರೊಡನೆ ಜೋಡಿಸುತ್ತದೆ. ಹೆಸರು ಎಷ್ಟು ರೂಪಗಳನ್ನು ತಾಳಿದರೂ ಸಂಖ್ಯೆಯು ಒಂದೇ. ಆದರೆ ಆ ಸಂಖ್ಯೆಯನ್ನು ಯಾರ ತಲೆಗೆ ಕಟ್ಟಬೇಕೆಂಬುದನ್ನು ಯಂತ್ರವು ಹೇಳಲಾರದು. ಅದಕ್ಕೆ ಸ್ಥಳಚರಿತ್ರೆಯನ್ನೂ, ಊರಹೆಸರುಗಳ ರೂಪಾಂತರಗಳನ್ನೂ, ಮನೆತನಗಳ ರೂಢಿಯನ್ನೂ ಬಲ್ಲವರು ಬೇಕು. ಕನ್ನಡದ ಚರಿತ್ರಕಾರರಿಗೆ ಇಲ್ಲಿ ಕೆಲಸವಿದೆ.

ಮತ್ತೊಂದು ಮಾತನ್ನು ಹೇಳದೆ ಮುಗಿಸಲಾಗದು. ಬುಕನನ್ನನಿಗಾಗಿ ಪ್ರಾಣಿಗಳ ಚಿತ್ರಗಳನ್ನು ಬರೆದ ವಂಗದೇಶದ ಚಿತ್ರಕಾರ ಹಲುದಾರನ ಹೆಸರು ಉಳಿದುಬಂದಿದೆ. ಮೈಸೂರು ಸೀಮೆಯಲ್ಲಿ ಅವನು ಪಟ್ಟಿಮಾಡಿದ ಕಾಡುಮರಗಳಿಗೆ ಕನ್ನಡದ ಹೆಸರುಗಳಿವೆ. ಆ ಹೆಸರುಗಳು ಸ್ಕಾಟ್ಲೆಂಡಿನಿಂದ ಬಂದವಲ್ಲ. ಮರದ ಬಳಿ ನಿಂತು ಇದು ಇಂತಹುದೆಂದು ಅವನಿಗೆ ಹೇಳಿಕೊಟ್ಟವರು ಇಲ್ಲಿಯ ರೈತರು, ಕಾಡುಬಲ್ಲವರು. ಒಬ್ಬ ಮನುಷ್ಯನಿಗೆ ಮೂರು ಹೆಸರುಗಳು ಉಳಿದು, ಅವನಿಗೆ ಹೇಳಿಕೊಟ್ಟ ಎಷ್ಟೋ ಮಂದಿಗೆ ಒಂದು ಹೆಸರೂ ಉಳಿಯಲಿಲ್ಲ. ಹಿಂದಿನವರ ಆ ಸಾಲವನ್ನು ತೀರಿಸುವ ಉಪಾಯವು ನಮಗೆ ತೋರುವುದಿಲ್ಲ. ಈಗ ದಾಖಲೆ ಮಾಡುವವರು ಜೊತೆಯಲ್ಲಿ ಬಂದು ತೋರಿಸಿಕೊಟ್ಟವರ ಹೆಸರನ್ನು, ಅವರ ಊರಿನ ಹೆಸರಿನೊಡನೆ, ಅವರ ಒಪ್ಪಿಗೆಯಿಂದ, ಅವರು ಹೇಳುವ ರೂಪದಲ್ಲಿಯೇ ಬರೆದಿಟ್ಟರೆ, ಮುಂದೆ ಚೀಟಿಗಳನ್ನು ಬಿಡಿಸುವವರಿಗೆ ಇಂದಿನ ನಮ್ಮ ಶ್ರಮದಲ್ಲಿ ಒಂದು ಪಾಲಾದರೂ ಉಳಿಯುವುದು.